ತೂಕಕ್ಕೆ ಕೊಡದ ಕೌದಿ

ಚಂದ್ರಕಲಾಳ ಪಾಲಿಗೆ ಆ ಗುರುವಾರ ಕೆಟ್ಟದ್ದು ತಾಯಿಯ ಕಾಲಿನ ಹೆಬ್ಬೆರಳಿನಿಂದ.

ಬೆಳಿಗ್ಗೆ ಏಳೂವರೆಗೆ, ತೊಳೆದ ಮುಖ ಒರೆಸಿಕೊಳ್ಳುವ ಮೊದಲೇ, ಫೋನು ಕಿಣಿಕಿಣಿ ಎಂದಿತು. ‘ಬೋಲಿಮಹಲ್’ನಿಂದ ಸಂದೇಶ. ಆನ್‌ಲೈನ್ ಹರಾಜಿನ ಅಂಗಡಿಗಳಲ್ಲಿ ಬೋಲಿಮಹಲ್ ಎಲ್ಲಕ್ಕಿಂತ ದೊಡ್ಡದು. ಸೂಜಿ ಮಾರುವವನೂ ಟ್ರ್ಯಾಕ್ಟರ್ ಮಾರುವವನೂ ಮೊದಲು ಅದರ ಬಾಗಿಲಿಗೇ ಹೋಗಿ ನಿಲ್ಲಬೇಕು. ಸುರಪುರದ ರಂಗಂಪೇಟೆಯ ಚಂದ್ರಕಲಾ, ಬಿ.ಕಾಂ., ಒಂದೂವರೆ ವರ್ಷದಿಂದ ಅಲ್ಲೇ ನಿಂತಿದ್ದಳು. ‘ಸುರಪುರ ಕೌದಿ’ ಎಂದು ಅಂಗಡಿಗೆ ಹೆಸರಿಟ್ಟು, ತಾಯಿ ಮಲ್ಲಾಬಾಯಿ ಮತ್ತು ಎದುರುಮನೆಯ ಶರೀಫಾಬೀ ಸೇರಿ ಹಳೆಬಟ್ಟೆಯ ತುಂಡು ಜೋಡಿಸಿ ಹೊಲಿದ ಮೂವತ್ತೊಂದು ಕೌದಿಗಳನ್ನು ಮಾರಿದ್ದಳು.

ಸಂದೇಶ ಹೀಗಿತ್ತು: ‘ಪ್ರಿಯ ಮಾರಾಟಗಾರರೇ, ನಿಮ್ಮ ಚಿತ್ರದಲ್ಲಿ ಮಾನವ ದೇಹದ ಭಾಗವೊಂದು ಪತ್ತೆಯಾಗಿದೆ. ನಮ್ಮಲ್ಲಿ ಮಾನವ ದೇಹದ ಭಾಗಗಳ ಮಾರಾಟ ನಿಷಿದ್ಧ. ಸರಕನ್ನು ತೆಗೆದುಹಾಕಲಾಗಿದೆ. ದಂಡವಾಗಿ ನಿಮ್ಮ ಎರಡು ನಕ್ಷತ್ರಗಳನ್ನು ಕಡಿತಗೊಳಿಸಲಾಗಿದೆ.’

ಚಂದ್ರಕಲಾ ಚಿತ್ರ ತೆಗೆದು ನೋಡಿದಳು. ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಹಿಡಿದ ಕೌದಿ, ಕೆಂಪು ಅಂಚು, ನಡುವೆ ಹಸಿರು-ಹಳದಿ ತ್ರಿಕೋನಗಳ ಸಾಲು. ಕೆಳತುದಿಯಲ್ಲಿ, ಹೊಸಿಲ ಮೇಲೆ ಕೂತ ಕಪ್ಪೆಯಂತೆ, ಮಲ್ಲಾಬಾಯಿಯ ಬಲಗಾಲಿನ ಹೆಬ್ಬೆರಳು.

“ನನ್ನ ಹೆಬ್ಬಟ್ಟು ಏನ್ ಮಾಡ್ಯಾದ ಅವ್ರಿಗಿ?” ಎಂದಳು ಮಲ್ಲಾಬಾಯಿ, ರೊಟ್ಟಿ ಬಡಿಯುವುದು ನಿಲ್ಲಿಸಿ. “ಅದನ್ನ ಯಾರು ಮಾರಾಕತ್ತಾರ? ಮಾರಿದ್ರ ನಾ ಹ್ಯಾಂಗ ನಡೀಲಿ?”

ಚಂದ್ರಕಲಾ ಬೋಲಿಮಹಲ್‌ನ ಸಹಾಯವಾಣಿಗೆ ಉದ್ದದ ಪತ್ರ ಬರೆದಳು. ಅಲ್ಲಿ ಉತ್ತರ ಕೊಡುವುದು ‘ಸಖಿ’ ಎಂಬ ಯಂತ್ರ. ಅರೆಗಳಿಗೆಯಲ್ಲಿ ಸಖಿ ಬರೆದಳು: ‘ನಮಸ್ಕಾರ ಚಂದ್ರಕಲಾ! ನಿಮ್ಮ ದುಃಖದಲ್ಲಿ ನಾವು ಸಂತೋಷದಿಂದ ಭಾಗಿಯಾಗಿದ್ದೇವೆ. ದೇಹದ ಭಾಗವನ್ನು ಬೇರ್ಪಡಿಸಿ ಮತ್ತೆ ಪ್ರಯತ್ನಿಸಿ.’

ಚಂದ್ರಕಲಾಳ ಕಿವಿ ಕೆಂಪಾಯಿತು. ಬಾಯಿಬಿಟ್ಟು ಜಗಳವಾಡುವ ಹುಡುಗಿ ಅಲ್ಲ ಅವಳು. ಬಸ್ಸಿನಲ್ಲಿ ಶಹಾಪುರಕ್ಕೆ ಹೊರಟು, ‘ಇಳೀತೀನ್ರಿ’ ಎಂದು ಕೂಗಲು ನಾಚಿ, ಯಾದಗಿರಿಯವರೆಗೂ ಹೋಗಿ ವಾಪಸು ಬಂದವಳು. ಆದರೆ ನಾಲಿಗೆಗೆ ಇಲ್ಲದ ಧೈರ್ಯ ಅವಳ ಬೆರಳುಗಳಿಗೆ ಇತ್ತು. ನೂರಕ್ಕೆ ಇಪ್ಪತ್ತೆರಡು ರೂಪಾಯಿ ಕಮಿಷನ್ ಕಡಿದುಕೊಂಡಾಗ ಸುಮ್ಮನಿದ್ದಳು. ಕೌದಿಯನ್ನು ‘ಕಾಲೊರಸು’ ವಿಭಾಗಕ್ಕೆ ಹಾಕಿದಾಗಲೂ ಸುಮ್ಮನಿದ್ದಳು. ಈಗ ಅವ್ವನ ಹೆಬ್ಬೆರಳಿಗೆ ಕೈಹಾಕಿದ್ದರು. ‘ನಿಮ್ಮ ಮಹಲು ನಿಮಗಿರಲಿ. ನನಗೆ ಬೇರೆ ಬಾಗಿಲುಗಳಿವೆ’ ಎಂದು ಬರೆದು ಕಳಿಸಿದಳು.

ಸಖಿ ಕೇಳಿದಳು: ‘ನೀವು ಬಾಗಿಲು ಖರೀದಿಸಲು ಬಯಸುವಿರಾ?’

“ಆಯ್ತಿಲ್ಲೋ ನಿನ್ನ ಫೋನಿನ ದಂಧೆ?” ಎಂದಳು ಮಲ್ಲಾಬಾಯಿ. “ಕೇಳು ಚಂದ್ರಿ. ಇವತ್ತ ಗುರುವಾರ. ಸಂಜಿ ಐದಕ್ಕ ಶರಣಕುಮಾರ ಬರ್ತಾನ. ಅಷ್ಟರಾಗ ಈ ಕೌದಿ ನಿನ್ನ ಫೋನಿನಾಗ ಹೋತಂದ್ರ ಹೋತು. ಇಲ್ಲಂದ್ರ ಇದೂ ಅವನ ತಕ್ಕಡಿಗಿ, ಮುಂದಿನವೂ ಅವನ ತಕ್ಕಡಿಗಿ. ಶರೀಫಾಬೀನೂ ಹಂಗೇ ಅಂದಾಳ.”

ಶರಣಕುಮಾರ ಬಜಾರದ ಬಟ್ಟೆ ವ್ಯಾಪಾರಿ. ಕೌದಿಗಳನ್ನು ಉಳ್ಳಾಗಡ್ಡಿಯಂತೆ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದ್ದ. ಕಿಲೋಕ್ಕೆ ಇನ್ನೂರಿಪ್ಪತ್ತು. ತೂಗುವ ಮೊದಲು ಕೌದಿಯನ್ನು ಗೋಡೆಗೆ ನಾಲ್ಕು ಸಲ ಬಡಿಯುತ್ತಿದ್ದ, ಧೂಳಿಗೆ ದುಡ್ಡು ಕೊಡಬಾರದಲ್ಲ! ಮಲ್ಲಾಬಾಯಿಗೆ ಒಂದು ರೂಢಿ: ಕೌದಿಯ ಕೊನೆಯ ತುಂಡು ಹೊಲಿಯುವ ಮೊದಲು ಅದರೊಳಗೆ ನಾಲ್ಕು ಕಾಳು ಜೋಳ ಇಡುವಳು, ಕೌದಿಯ ಹೊಟ್ಟೆ ಹಸಿಯಬಾರದೆಂದು. ಹೋದ ವರ್ಷ ಆ ಮೂಲೆಯನ್ನು ಹಿಸುಕಿ ನೋಡಿ ಶರಣಕುಮಾರ ಕೇಳಿದ್ದ: “ಈ ಜ್ವಾಳದ ತೂಕ ಕಳೀಲೇನವ್ವ?”

ಈ ಕೌದಿಯಲ್ಲಿ ಐದು ತಿಂಗಳಿತ್ತು. ಅಪ್ಪನ ಮೊದಲ ಖಾಕಿ ಅಂಗಿಯಿತ್ತು, ಚಂದ್ರಕಲಾಳ ಹೈಸ್ಕೂಲಿನ ನೀಲಿ ಲಂಗವಿತ್ತು, ಶರೀಫಾಬೀಯ ಮದುವೆಯ ಓಢಣಿಯ ಹಸಿರು ಅಂಚಿತ್ತು. ಎಲ್ಲ ಸೇರಿ ಮೂರೂ ಮುಕ್ಕಾಲು ಕಿಲೋ.

“ತೂಕಕ್ಕ ಕೊಡಂಗಿಲ್ಲ,” ಎಂದಳು ಚಂದ್ರಕಲಾ. ಗೋಡೆಯ ಮೇಲಿನ ಹಲ್ಲಿಗೆ ಮಾತ್ರ ಕೇಳಿಸಿತು.

ನೋಟುಬುಕ್ಕಿನ ಕೊನೆಯ ಪುಟ ತೆಗೆದು ಅವಳು ಬೋಲಿಮಹಲ್‌ನ ವೈರಿಗಳನ್ನೆಲ್ಲ ಒಂದೊಂದಾಗಿ ಅಳೆಯಲು ಕೂತಳು. ಮೊದಲನೆಯದು ‘ಸಂತೆಪೇಟೆ’. ಕಮಿಷನ್ ಇಲ್ಲ, ದಂಡವಿಲ್ಲ, ನಿಯಮವಿಲ್ಲ. ಗಿರಾಕಿಗಳೂ ಇಲ್ಲ. ಗೋಗಿ ಊರಿನವರು ಯಾರೋ ಎರಡು ವರ್ಷದ ಹಿಂದೆ ಎಮ್ಮೆ ಮಾರಾಟಕ್ಕೆ ಹಾಕಿದ್ದರು. ಪಟದಲ್ಲಿದ್ದ ಕರು ಇಷ್ಟೊತ್ತಿಗೆ ತಾನೇ ಹಾಲು ಕೊಡುತ್ತಿರಬೇಕು. ಬೋಲಿ ಮಾತ್ರ ಇನ್ನೂ ಸೊನ್ನೆ, ಒಬ್ಬರೂ ಬೆಲೆ ಕೂಗಿರಲಿಲ್ಲ.

ಎರಡನೆಯದು ‘ಲಿಲಾವ್‌ಲೋಕ’. ಇಲ್ಲಿ ಗಿರಾಕಿಗಳಿದ್ದರು. ಆದರೆ ಮಾರುವವರು ಕ್ಯಾಮೆರಾದ ಮುಂದೆ ಕೂತು, ನೇರಪ್ರಸಾರದಲ್ಲಿ, ಬಾಯಿಬಿಟ್ಟು ಕೂಗಿ ಮಾರಬೇಕು. ಚಂದ್ರಕಲಾ ಎದೆ ಗಟ್ಟಿ ಮಾಡಿಕೊಂಡು ಕೌದಿಯನ್ನು ಹಗ್ಗಕ್ಕೆ ಹಾಕಿ, ಫೋನನ್ನು ನೀರಿನ ಚರಿಗೆಗೆ ಆನಿಸಿ ಕೂತಳು. ಏಳು ಮಂದಿ ಬಂದರು. ಅವಳು ಬಾಯಿ ತೆರೆದಳು. ಬಾಯಿ ತೆರೆದೇ ಇತ್ತು.

‘ಮೇಡಂ, ಆವಾಜ್ ಇಲ್ರಿ,’ ಎಂದು ಒಬ್ಬ ಬರೆದ.

‘ನೆಟ್ ಹೋಗ್ಯಾದೇನು?’

‘ಇದು ಫೋಟೋ ಅನಸ್ತದ.’

ನಾಲ್ಕನೆಯ ನಿಮಿಷಕ್ಕೆ ಮಲ್ಲಾಬಾಯಿ ನೀರಿನ ಬಕೆಟ್ ಹಿಡಿದು ಬಂದಳು. “ಯಾಕವ್ವ, ಚರಿಗಿ ಮುಂದ ಬಾಯಿ ತಕ್ಕೊಂಡ್ ಕುಂತಿ? ಹಲ್ಲು ನೋಯಾಕತ್ಯಾವೇನು?”

ಅಷ್ಟು ಹೊತ್ತಿನಲ್ಲಿ ಗಿರಾಕಿಗಳಿಗೆ ಕೇಳಿಸಿದ್ದು ಅದೊಂದೇ ಮಾತು. ಕೂಡಲೇ ಒಬ್ಬ ಕೇಳಿದ: ‘ಆ ಬಕೆಟ್ ಎಷ್ಟಕ್ಕ?’

ಚಂದ್ರಕಲಾ ಲಿಲಾವ್‌ಲೋಕ ಮುಚ್ಚಿದಳು.

ಮೂರನೆಯದು ‘ಡಂಗುರ’. ಹೆಸರಿಗೆ ಡಂಗುರವಾದರೂ ಅಲ್ಲಿ ಯಾರೂ ಮಾತಾಡಬೇಕಿರಲಿಲ್ಲ. ಕಮಿಷನ್ ನೂರಕ್ಕೆ ಐದೇ ರೂಪಾಯಿ. ಮುಂಜಾನೆ ಹಾಕಿದ ಸರಕಿನ ಹರಾಜು ಸಂಜೆ ಐದಕ್ಕೆ ಮುಗಿಯುತ್ತದೆ. ಬೋಲಿ ಕೂಗುವವರ ಹೆಸರು ಕಾಣುವುದಿಲ್ಲ. ಡಂಗುರವೇ ಪ್ರತಿಯೊಬ್ಬರಿಗೂ ಒಂದು ಹಕ್ಕಿಯ ಹೆಸರು, ಒಂದು ನಂಬರು ಕೊಡುತ್ತದೆ. ಒಂದೇ ಕಟ್ಟುನಿಟ್ಟು: ಗೆದ್ದವರು ಇಪ್ಪತ್ನಾಲ್ಕು ತಾಸಿನೊಳಗೆ ದುಡ್ಡು ಕಟ್ಟಬೇಕು. ಕಟ್ಟದಿದ್ದರೆ, ಸುಳ್ಳು ಗಿರಾಕಿಗಳನ್ನು ತಂದರೆಂದು ಮಾರುವವರ ಅಂಗಡಿಯನ್ನೇ ಮೂರು ತಿಂಗಳು ಮುಚ್ಚುತ್ತಾರೆ.

ನಾಚಿಕೆಯವರಿಗೆಂದೇ ಯಾರೋ ಪುಣ್ಯಾತ್ಮರು ಮಾಡಿದ ಅಂಗಡಿ ಎನಿಸಿತು ಅವಳಿಗೆ. ಹೆಬ್ಬೆರಳಿಲ್ಲದ ಹೊಸ ಪಟ ತೆಗೆದು, ಒಂಬತ್ತು ಗಂಟೆಗೆ ಕೌದಿಯನ್ನು ಸಾವಿರದ ಐನೂರರಿಂದ ಶುರುವಾಗುವ ಹರಾಜಿಗೆ ಇಟ್ಟಳು.

ಹತ್ತಾಯಿತು, ಹನ್ನೊಂದಾಯಿತು. ಒಂದು ಹಕ್ಕಿಯೂ ಬರಲಿಲ್ಲ. ಹನ್ನೆರಡಕ್ಕೆ ನಾರಾಯಣಪುರದಿಂದ ಅಪ್ಪ ಯಂಕಣ್ಣನ ಫೋನು ಬಂತು. ಅವನು ಡ್ಯಾಮಿನ ಗೇಟಿನ ಕೆಲಸದವ. ಅಲ್ಲಿನ ಕ್ವಾರ್ಟರ್ಸ್‌ನಲ್ಲಿದ್ದು, ಶನಿವಾರ ಮನೆಗೆ ಬರುತ್ತಿದ್ದ.

“ಕೌದಿಗಿ ಯಾರೂ ಬೋಲಿ ಕೂಗವಲ್ರಂತ? ನಿಮ್ಮವ್ವ ಹೇಳಿದ್ಲು.”

“ಬರ್ತಾರಪ್ಪ. ಇನ್ನಾ ಟೈಮ್ ಅದ.”

“ಸೊನ್ನಿ ಅಂದ್ರ ಹ್ಯಾಂಗವ್ವ? ಮನಿತನದ ಮಾತು.”

ಮನೆತನದ ಮಾತು ಎಂದರೆ ಏನೆಂದು ಆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ವರ್ಷ ಓಣಿಯ ಹನುಮಪ್ಪನ ಗುಡಿಯ ಮುಂದೆ ಒಂದು ತೆಂಗಿನಕಾಯಿಯ ಸವಾಲು, ಅಂದರೆ ಹರಾಜು, ನಡೆಯುತ್ತದೆ. ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಸಿಗುವ ಕಾಯಿ. ಆದರೆ ಸವಾಲಿನಲ್ಲಿ ಅದು ಕಡಿಮೆಗೆ ಹೋದರೆ ಇಡೀ ಓಣಿಗೆ ಅವಮಾನ. ಆದ್ದರಿಂದ ಜಾತಿ-ಧರ್ಮ ಎನ್ನದೆ ಎಲ್ಲರೂ ಏರಿಸುತ್ತಾರೆ. ಗೆದ್ದವರು ದುಡ್ಡನ್ನು ಕೂಡಲೇ ಕೊಡಬೇಕೆಂದಿಲ್ಲ. ಮುಂದಿನ ವರ್ಷದ ಸವಾಲಿನೊಳಗೆ ಕೊಟ್ಟರಾಯಿತು. ಹೋದ ಸಲ ಮೂಲೆಯ ಪಂಕ್ಚರ್ ಅಂಗಡಿಯ ಅಮೀನುದ್ದೀನ ಮೂರು ಸಾವಿರದ ನೂರಕ್ಕೆ ಕಾಯಿ ಹಿಡಿದಿದ್ದ. ಕೊನೆಯವರೆಗೂ ಅವನೆದುರು ನಿಂತಿದ್ದವನು ಯಂಕಣ್ಣ. ಕೊನೆಯ ಗಳಿಗೆಯಲ್ಲಿ ಹೆಂಡತಿ ಅಂಗಿಯ ಚುಂಗು ಹಿಡಿದು ಜಗ್ಗಿದ್ದರಿಂದ ಬಿಟ್ಟುಕೊಟ್ಟಿದ್ದ.

ಸೊನ್ನೆಯ ಸುದ್ದಿ ಮಲ್ಲಾಬಾಯಿಯ ಬಾಯಿಂದ ಶರೀಫಾಬೀಯ ಮನೆಗೆ ಹೋಯಿತು, ಅಲ್ಲಿಂದ ನಳದ ಕಟ್ಟೆಗೆ, ನಳದಿಂದ ಪಂಕ್ಚರ್ ಅಂಗಡಿಗೆ. ಅಮೀನುದ್ದೀನ ಗಾಳಿ ಹೊಡೆಯುವ ಪಂಪು ಕೈಯಲ್ಲೇ ಹಿಡಿದು ಬಂದ.

“ಏನವ್ವ ಚಂದ್ರಕಲಾ, ನಮ್ಮ ಓಣಿ ಕೌದಿಗಿ ಬೋಲಿ ಇಲ್ಲಂತ? ನಾವೇನ್ ಸತ್ತೀವೇನು?”

“ಕಾಕಾ, ನೀವು ಏನೂ ಒತ್ತಬ್ಯಾಡ್ರಿ. ಇದು ಕಾಯಿ ಸವಾಲಲ್ಲ. ಖರೇನ ತಗೊಳ್ಳೋರು ಬರ್ಬೇಕು.”

ಈ ಮಾತಿನಲ್ಲಿ ‘ಕಾಕಾ’ ಎಂಬುದಷ್ಟೇ ಹೊರಗೆ ಬಂತು. ಉಳಿದದ್ದು ಗಂಟಲಲ್ಲೇ ಕೂತಿತು. ಅಮೀನುದ್ದೀನ ಅದನ್ನು ಒಪ್ಪಿಗೆ ಎಂದು ತಿಳಿದು ಹೋದ.

ಒಂದು ಗಂಟೆಗೆ ಫೋನು ಕಿಣಿ ಎಂದಿತು. ‘ಗುಬ್ಬಿ 12: ಸಾವಿರದ ಐನೂರು.’ ಚಂದ್ರಕಲಾ ಎದ್ದು ನಿಂತಳು. ‘ಮೈನಾ 3: ಸಾವಿರದ ಏಳುನೂರು.’ ‘ಗಿಳಿ 41: ಎರಡು ಸಾವಿರ.’ ‘ಕೊಕ್ಕರೆ 7: ಎರಡು ಸಾವಿರದ ನೂರು.’ ಬೋನಾಳದ ಕೆರೆಗೆ ಚಳಿಗಾಲದಲ್ಲಿ ಹಕ್ಕಿಗಳು ಇಳಿಯುವ ಹಾಗೆ ಬೋಲಿಗಳು ಇಳಿಯತೊಡಗಿದವು. ಅವಳಿಗೆ ಕಣ್ಣು ತುಂಬಿ ಬಂತು. ಕೊಕ್ಕರೆ ಎಂಬುದು ಮೈಸೂರಿನ ಒಬ್ಬ ಶ್ರೀಮಂತ ಹೆಂಗಸು, ಗಿಳಿ ಎಂಬುದು ದಿಲ್ಲಿಯ ಒಬ್ಬ ನಿವೃತ್ತ ಅಧಿಕಾರಿ ಎಂದು ಅವಳು ಮನಸ್ಸಿನಲ್ಲೇ ಪಟ ಬರೆದುಕೊಂಡಳು.

ಗುಬ್ಬಿಯ ಪಟ ಬರೆಯುವಷ್ಟರಲ್ಲಿ ಮೂಲೆಯಿಂದ ಗಟ್ಟಿಯಾದ ಕೂಗು ಕೇಳಿಸಿತು:

“ಎರಡು ಸಾವಿರದ ಐನೂರು!”

ಮರುಕ್ಷಣವೇ ಫೋನು ಕಿಣಿ. ‘ಗುಬ್ಬಿ 12: ಎರಡು ಸಾವಿರದ ಐನೂರು.’

ಚಂದ್ರಕಲಾ ಕಿಟಕಿಯಿಂದ ನೋಡಿದಳು. ಅಮೀನುದ್ದೀನ ಟ್ಯೂಬಿನ ಬುಟ್ಟಿಯ ಮೇಲೆ ಒಂದು ಕಾಲಿಟ್ಟು, ಒಂದು ಕೈ ಆಕಾಶಕ್ಕೆ ಎತ್ತಿ, ಇನ್ನೊಂದು ಕೈಯಲ್ಲಿ ಫೋನು ಒತ್ತುತ್ತಿದ್ದ. ಒತ್ತಿದರೆ ಸಾಕೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ, ಕೂಗದೆ ಹೋದರೆ ಸವಾಲು ಸವಾಲಿನ ಹಾಗೆ ಅನಿಸುತ್ತಿರಲಿಲ್ಲ.

ಓಣಿಯಲ್ಲಿ ತಲೆ ತಗ್ಗಿಸಿ ನಡೆಯುವ ಹುಡುಗಿ ಅವತ್ತು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು.

“ಕಾಕಾ, ಗೆದ್ರ ನಾಳಿಗೇ ರೊಕ್ಕ ಕಟ್ಬೇಕ್ರಿ! ಕಟ್ಲಿಲ್ಲಂದ್ರ ನನ್ನ ಅಂಗಡಿ ಮುಚ್ತಾರ!”

“ನಾಳಿಗಾ?” ಅಮೀನುದ್ದೀನನ ಎತ್ತಿದ ಕೈ ತಾನೇ ಕೆಳಗಿಳಿಯಿತು. “ಮುಂದಿನ ವರ್ಷ ಅಲ್ಲೇನು? ಇದೆಂಥ ಬೇಕೂಫ ಸವಾಲವ್ವ!”

“ಇನ್ನ ಯಾರ್‍ಯಾರು ಒತ್ತಾಕತ್ತಾರ್ರಿ?”

“ನನಗೇನ್ ಗೊತ್ತು? ಅಂಗನವಾಡಿ ಟೀಚರ್‌ಗ ಮಾತ್ರ ಹೇಳಿದ್ದೆ.”

ಅಂಗನವಾಡಿಯ ದೇವಕಮ್ಮ ಟೀಚರ್ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತ ಎಡಗೈಯಲ್ಲಿ ಮೈನಾ ಆಗಿದ್ದಳು. “ನಿಮ್ಮವ್ವನ ಮಾರಿ ನೋಡಿ ಒತ್ತೀನಿ, ನಿನಗ ಉಪಕಾರ ಮಾಡಾಕ ಬಂದ್ರ ನನಗೇ ಬುದ್ಧಿ ಹೇಳ್ತಿ?” ಎಂದು ಸಿಟ್ಟಿಗೆದ್ದಳು. ಬುದ್ಧಿ ಹೇಳಿಸಿಕೊಂಡು ಚಂದ್ರಕಲಾ ಶರೀಫಾಬೀಯ ಮನೆಗೆ ಬಂದಳು. ಅಲ್ಲಿ ಜಗಲಿಯ ಮೇಲೆ ಹೊಸ ಕೌದಿಯೊಂದನ್ನು ಮಂಡಿಯವರೆಗೆ ಹೊದ್ದು ಶರೀಫಾಬೀ ಮತ್ತು ಮಲ್ಲಾಬಾಯಿ ಹೊಲಿಯುತ್ತ ಕೂತಿದ್ದರು.

“ಖಾಲಾ, ನೀವು ಬೋಲಿ ಒತ್ತೀರೇನು? ಖರೇ ಹೇಳ್ರಿ.”

“ಯಾ ಅಲ್ಲಾ! ನಾ ಒತ್ತಿದ್ರ ಈ ಬಟ್ಟು ಮುರಿದು ಬೀಳ್ಲಿ,” ಎಂದು ಶರೀಫಾಬೀ ಹತ್ತೂ ಬೆರಳು ಚಾಚಿ ತೋರಿಸಿದಳು. “ನನಗ ಸೂಜಿಗಿ ದಾರ ಪೋಣ್ಸೋದ್ರಾಗ ಸಾಕಾಗ್ಯಾದ ಬೇಟಿ.”

ಮಲ್ಲಾಬಾಯಿಯನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಅವಳು ಫೋನು ಹಿಡಿಯುವುದೇ ತಲೆಕೆಳಗಾಗಿ.

ಚಂದ್ರಕಲಾ ಓಣಿಯ ಹದಿನಾಲ್ಕೂ ಮನೆಗಳ ಬಾಗಿಲು ಬಡಿದಳು. ಜೀವಮಾನದಲ್ಲಿ ಅಷ್ಟು ಮಾತಾಡಿರಲಿಲ್ಲ. ಎರಡು ಮನೆಯಲ್ಲಿ ಬೈಸಿಕೊಂಡಳು, ಒಂದು ಮನೆಯಲ್ಲಿ ಚಹಾ ಕುಡಿದಳು, ಒಂದು ಮನೆಯಲ್ಲಿ ಅವಳನ್ನು ಜನಗಣತಿಯವಳೆಂದು ತಿಳಿದು ಆಧಾರ್ ಕಾರ್ಡು ತಂದುಕೊಟ್ಟರು. ಮೂರು ಗಂಟೆಯ ಹೊತ್ತಿಗೆ ಗುಬ್ಬಿ, ಮೈನಾ ಎಲ್ಲ ಹಾರಿಹೋಗಿದ್ದವು. ಓಣಿಯೆಲ್ಲ ಮುಖ ಊದಿಸಿಕೊಂಡಿತ್ತು.

ಉಳಿದವು ಎರಡೇ ಹಕ್ಕಿ. ಗಿಳಿ 41, ಕೊಕ್ಕರೆ 7.

ಇವು ಖಂಡಿತ ಹೊರಗಿನವು! ಚಂದ್ರಕಲಾ ಮಾಳಿಗೆ ಹತ್ತಿ ಕೂತಳು. ಗಿಳಿ ಮೂರು ಸಾವಿರದ ನೂರು ಎಂದಿತು. ಕೊಕ್ಕರೆ ಮೂರು ಸಾವಿರದ ಇನ್ನೂರು ಎಂದಿತು. ಗಿಳಿ ಒಮ್ಮೆಲೇ ನಾಲ್ಕು ಸಾವಿರಕ್ಕೆ ಜಿಗಿಯಿತು. ಕೊಕ್ಕರೆ ಗಾಂಭೀರ್ಯದಿಂದ ನಾಲ್ಕು ಸಾವಿರದ ನೂರು. ಬೋಲಿ ಆರು ಸಾವಿರ ದಾಟಿದಾಗ ಅಪ್ಪನ ಫೋನು ಬಂತು. ಗಾಳಿಯ ಸದ್ದೇ ಹೆಚ್ಚಾಗಿ ಕೇಳುತ್ತಿತ್ತು.

“ಎಲ್ಲಿದ್ದೀಯಪ್ಪ?”

“ನೀರಿನ ಟಾಕಿ ಮ್ಯಾಲ ಹತ್ತೀನವ್ವ. ಕ್ವಾರ್ಟರ್ಸ್‌ನಾಗ ನೆಟ್ ಬರವಲ್ದು.”

“ನಿನಗ್ಯಾಕ ಈಗ ನೆಟ್ಟು? ರಾತ್ರಿ ಪಾಳಿ ಅಂತಿ, ಮಕ್ಕೊಬಾರ್ದಾ?”

“ಸುಮ್ಕ. ಗಾಳಿ ಛಲೋ ಅದ ಇಲ್ಲಿ. ಈಗ ಎಷ್ಟಕ್ಕ ನಿಂತದ?”

“ಆರು ಸಾವಿರದ ಎರಡು ನೂರು!”

“ಯಾರವರು, ಆ ಗಿಳಿ? ಭಾರಿ ಹಟಮಾರಿ ಅದಾನ,” ಎಂದ ಯಂಕಣ್ಣ. ಫೋನು ಕಟ್ಟಾಯಿತು. ಅವಳಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಇಡೀ ಓಣಿಯೇ ಆ ಎರಡು ಹಕ್ಕಿಗಳ ಹೆಸರು ಜಪಿಸುತ್ತಿತ್ತು.

ನಾಲ್ಕೂವರೆಗೇ ಶರಣಕುಮಾರ ಬಂದ. ಹೆಗಲಿಗೆ ಕೊಕ್ಕೆಯ ತಕ್ಕಡಿ, ಬಾಯಲ್ಲಿ ಗುಟ್ಕಾ. ಹೊಸ್ತಿಲ ಬಳಿ ಕಂಬಕ್ಕೆ ತಕ್ಕಡಿ ಸಿಕ್ಕಿಸಿ, ಮಡಿಚಿಟ್ಟ ಕೌದಿಯನ್ನು ಕಣ್ಣಲ್ಲೇ ತೂಗಿದ.

“ಮೂರುವರಿ ಕಿಲೋ ಆಗ್ತದ. ಜ್ವಾಳ ಬಿಟ್ಟು.”

“ಐದರ ತನಕ ನಿಂದ್ರಿ,” ಎಂದಳು ಚಂದ್ರಕಲಾ, ಮಾಳಿಗೆಯ ಮೇಲಿಂದಲೇ. ಈ ಸಲ ಹಲ್ಲಿಗೆ ಮಾತ್ರವಲ್ಲ, ಅವನಿಗೂ ಕೇಳಿಸಿತು.

“ನಿಂದ್ರತೀನವ್ವ. ಫೋನಿನಾಗ ಕೌದಿ ಮಾರಾಕ ಬರ್ತದಂದ್ರ ನಾ ಯಾಕ ತಕ್ಕಡಿ ಹೊತಕೊಂಡ್ ತಿರಗತಿದ್ದೆ? ಫೋನು ಮುಟ್ಟಿ ನೋಡ್ತದೇನು? ಬಡಿದು ನೋಡ್ತದೇನು?”

ಮುನಿಸಿಕೊಂಡ ಓಣಿ ಮುನಿಸು ಮರೆತು ಬಾಗಿಲಲ್ಲಿ ಸೇರಿತು. ಅಮೀನುದ್ದೀನ ಬಂದ, ದೇವಕಮ್ಮ ಟೀಚರ್ ಉಪ್ಪಿಟ್ಟಿನ ಸೌಟಿನ ಸಮೇತ ಬಂದಳು. ಎದುರುಮನೆಯ ಜಗಲಿಯಲ್ಲಿ ಹೊಲಿಯುತ್ತಿದ್ದ ಇಬ್ಬರು ಮಾತ್ರ ಎದ್ದು ಬರಲಿಲ್ಲ. ‘ಖಾಲಾನನ್ನು ಅನುಮಾನಿಸಿದ್ದಕ್ಕೆ ಅವ್ವನಿಗೆ ಇನ್ನೂ ಸಿಟ್ಟು’ ಎಂದುಕೊಂಡಳು ಚಂದ್ರಕಲಾ.

ಗಿಳಿ: ಎಂಟು ಸಾವಿರ. ಕೊಕ್ಕರೆ: ಎಂಟು ಸಾವಿರದ ನೂರು. ಗಿಳಿ: ಹತ್ತು ಸಾವಿರ. ಶರಣಕುಮಾರ ಗುಟ್ಕಾ ಜಗಿಯುವುದು ನಿಲ್ಲಿಸಿದ. ಕೊಕ್ಕರೆ: ಹತ್ತು ಸಾವಿರದ ನೂರು. ಗಿಳಿ: ಹನ್ನೊಂದು ಸಾವಿರ. ಐದಕ್ಕೆ ಒಂದೇ ನಿಮಿಷವಿತ್ತು. ಅಮೀನುದ್ದೀನ ತಡೆಯಲಾರದೆ “ಒಂದನೇ ಸಲ!” ಎಂದು ಕೂಗಿದ. “ಎರಡನೇ ಸಲ!”

‘ಕೊಕ್ಕರೆ 7: ಹನ್ನೊಂದು ಸಾವಿರದ ಐನೂರು.’

“ಮೂರನೇ ಸಲ!” ಡಂಗುರದ ಪರದೆಯಲ್ಲಿ ಡೋಲು ಮೊಳಗಿತು. ಹರಾಜು ಮುಗಿಯಿತು.

ಓಣಿಯಲ್ಲಿ ಸಿಳ್ಳೆ ಬಿತ್ತು. ಚಂದ್ರಕಲಾ ಮಾಳಿಗೆಯಿಂದ ಇಳಿದು ಬಂದಳು. ಅವಳ ಒಳಗೆ ಇಪ್ಪತ್ನಾಲ್ಕು ವರ್ಷದಿಂದ ಮಡಿಚಿಟ್ಟಿದ್ದ ಮಾತುಗಳೆಲ್ಲ ಒಟ್ಟಿಗೆ ಎದ್ದಿದ್ದವು.

“ಶರಣಕುಮಾರಣ್ಣ, ನೀವಿನ್ನ ನಡೀರಿ. ನಮ್ಮ ಕೌದಿ ಉಳ್ಳಾಗಡ್ಡಿ ಅಲ್ಲ. ಇವತ್ತಿನದ್ದೂ ಅಲ್ಲ, ನಾಳಿನದ್ದೂ ಅಲ್ಲ. ಈ ಮನಿ ಕೌದಿ ಇನ್ನ ಮ್ಯಾಲ ತೂಕಕ್ಕ ಹೋಗಂಗಿಲ್ಲ!”

ಹುಡುಗಿಗೆ ದನಿಯಿದೆ ಎಂಬುದೇ ಹಲವರಿಗೆ ಅವತ್ತು ಗೊತ್ತಾಯಿತು. ಶರಣಕುಮಾರ ಎಷ್ಟು ಗಾಬರಿಯಾದನೆಂದರೆ ಕಂಬದ ಮೇಲಿನ ತಕ್ಕಡಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅಷ್ಟಕ್ಕೇ ಅವಳು ನಿಲ್ಲಲಿಲ್ಲ. ಬೋಲಿಮಹಲ್ ತೆರೆದು, ತನ್ನ ಅಂಗಡಿಯನ್ನು ಶಾಶ್ವತವಾಗಿ ಮುಚ್ಚುವ ಗುಂಡಿ ಹುಡುಕಿದಳು. ಸಖಿ ಮೂರು ಸಲ ‘ಖಚಿತವೇ?’ ಎಂದು ಕೇಳಿದಳು. ಮೂರು ಸಲವೂ ‘ಖಚಿತ’ ಎಂದು ಒತ್ತಿ, ಕಾರಣ ಬರೆಯುವ ಜಾಗದಲ್ಲಿ ‘ನಮ್ಮವ್ವನ ಹೆಬ್ಬೆರಳು’ ಎಂದು ಬರೆದಳು. ಒಂದೂವರೆ ವರ್ಷದ ಅಂಗಡಿ, ಮೂವತ್ತೊಂದು ಗಿರಾಕಿಗಳ ಹೊಗಳಿಕೆ, ಉಳಿದ ನಕ್ಷತ್ರಗಳು, ಎಲ್ಲ ಸೀಮೆಸುಣ್ಣ ಒರೆಸಿದ ಹಾಗೆ ಮಾಯವಾದವು. ಎದೆ ಹಗುರವಾಯಿತು.

ಆಗ ಶರೀಫಾಬೀಯ ಜಗಲಿಯಿಂದ ಮಲ್ಲಾಬಾಯಿ ಎದ್ದು ಬಂದಳು. ಮುಖ ಬಾಡಿಹೋಗಿತ್ತು.

“ಹೋತು,” ಎಂದಳು. “ಕೈಯಾಗಿಂದ ಹೋತು ನನ್ನ ಕೌದಿ. ಇನ್ನೊಂದು ಸಲ ಒತ್ತೂದ್ರಾಗ ಡೋಲು ಹೊಡದುಬಿಟ್ರು ಹಾಟ್ಯಾನ ಮಕ್ಕಳು.”

ಚಂದ್ರಕಲಾಳಿಗೆ ಅರ್ಥವಾಗಲಿಲ್ಲ. “ಏನ್ ಒತ್ತೂದ್ರಾಗ?”

ಮಲ್ಲಾಬಾಯಿ ಸೆರಗಿನೊಳಗಿಂದ ಶರೀಫಾಬೀಯ ಫೋನು ತೆಗೆದು ತಲೆಕೆಳಗಾಗಿ ಹಿಡಿದಳು. ಪರದೆಯ ಮೇಲೆ ಹಸಿರು ಗಿಳಿಯೊಂದು ತಲೆಕೆಳಗಾಗಿ ಕೂತಿತ್ತು. ಕೆಳಗೆ ನಲವತ್ತೊಂದು.

“ನಾ ಒತ್ತಿಲ್ಲ, ಬೇಟಿ,” ಎಂದು ಶರೀಫಾಬೀ ಹಿಂದಿನಿಂದ ಮತ್ತೆ ಹತ್ತು ಬೆರಳು ತೋರಿಸಿದಳು. “ಬಟ್ಟು ನಿಮ್ಮವ್ವಂದು.”

“ಅವ್ವಾ! ನೀನಾ? ಯಾಕ?”

“ಮತ್ತ? ಎರಡು ಸಾವಿರಕ್ಕ ನನ್ನ ಕೌದಿ ಯಾರೋ ಪರದೇಶಿ ಒಯ್ಯಲೇನು? ಏರಸ್ಬೇಕಂತ ಏರಿಸ್ದೆ. ಆಮ್ಯಾಲ ಆ ಕೊಕ್ಕರಿ ಮ್ಯಾಲ ನನಗ ಸಿಟ್ಟು ಬಂತು. ನೂರು ನೂರು ರೂಪಾಯಿ ಏರ್‍ಸತದ, ಜಿಪುಣ ಮುಂಡೇದು.”

“ನೀ ಗೆದ್ದಿದ್ರ ಹನ್ನೊಂದು ಸಾವಿರ ಎಲ್ಲಿಂದ ಕೊಡಾಕಿ ಇದ್ದಿ?”

“ಮುಂದಿನ ವರ್ಷ ಕೊಟ್ರಾಯ್ತಲ್ಲ,” ಎಂದಳು ಮಲ್ಲಾಬಾಯಿ, ಆ ಪ್ರಶ್ನೆಯೇ ದಡ್ಡತನವೆಂಬಂತೆ.

ಚಂದ್ರಕಲಾ ಉಸಿರು ಬಿಟ್ಟಳು. ಹೋಗಲಿ, ಅವ್ವ ಸೋತಳಲ್ಲ! ಗೆದ್ದದ್ದು ಕೊಕ್ಕರೆ, ಮೈಸೂರಿನ ಶ್ರೀಮಂತೆ. ಅಷ್ಟರಲ್ಲಿ ಫೋನು ಕಿಣಿ ಎಂದಿತು. ಡಂಗುರ ಗಿರಾಕಿಯ ವಿಳಾಸ ಕಳಿಸಿತ್ತು: ‘ಅಭಿನಂದನೆಗಳು! ಸರಕನ್ನು ಈ ವಿಳಾಸಕ್ಕೆ ತಲುಪಿಸಿ. ಯಂಕಣ್ಣ, ನೀರಾವರಿ ಕ್ವಾರ್ಟರ್ಸ್, ನೀರಿನ ಟಾಕಿ ಹತ್ತಿರ, ನಾರಾಯಣಪುರ.’

ಅದರ ಹಿಂದೆಯೇ ಯಂಕಣ್ಣನ ಕರೆ. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ.

“ಹಿಡದ್ನ್ಯವ್ವ! ನಿಮ್ಮವ್ವನ ಕೌದಿ ಬ್ಯಾರೇರ ಪಾಲಾಗಾಕ ಬಿಡಲಿಲ್ಲ! ಆ ಗಿಳಿ ಭಾಳ ಹಾರ್‍ಯಾಡ್ತು. ನಾನೂ ಕೆಳಗ ಇಳೀಲಿಲ್ಲ, ಟಾಕಿಯಿಂದ್ಲೂ ಇಳೀಲಿಲ್ಲ. ಆ ಕಾಯಿ ಸವಾಲಿನಾಗ ಬಿಟ್ಟು ಕೆಟ್ಟೆ. ಈ ಸಲ ಅಂಗಿ ಜಗ್ಗಾಕ ಯಾರೂ ಇರ್ಲಿಲ್ಲ ನೋಡು!”

ಮಲ್ಲಾಬಾಯಿ ಫೋನು ಕಸಿದುಕೊಂಡಳು. “ಏನ್ರೀ, ಆ ಜಿಪುಣ ಕೊಕ್ಕರಿ ನೀವಾ?”

ಆ ಕಡೆ ಗಾಳಿ ಬೀಸುವ ಸದ್ದು.

“ಗಿಳಿ ನಾನ್ರೀ!”

ಗಾಳಿ ಇನ್ನೂ ಸ್ವಲ್ಪ ಹೊತ್ತು ಬೀಸಿತು. “ಅದಕ್ಕ ಅಂತೀನಿ,” ಎಂದ ಯಂಕಣ್ಣ ಕೊನೆಗೆ. “ಇಷ್ಟು ಹಟ ಎಲ್ಲೋ ನೋಡೀನಲ್ಲ ಅಂತ ಅನ್ನಾಕತ್ತಿದ್ದೆ.”

“ಅಪ್ಪಾ,” ಎಂದಳು ಚಂದ್ರಕಲಾ, “ಹನ್ನೊಂದೂವರಿ ಸಾವಿರ ನಾಳಿ ಸಂಜೀ ಒಳಗ ಕಟ್ಬೇಕು.”

“ನಾಳಿಗಾ? ಮುಂದಿನ ವರ್ಷ ಅಲ್ಲೇನು?”

ಓಣಿ ತಲೆ ಕೆರೆದುಕೊಂಡಿತು. ಅಮೀನುದ್ದೀನ “ನಾನೂ ಅದೇ ಕೇಳ್ದೆ,” ಎಂದ. ಚಂದ್ರಕಲಾ ಹೊಸ್ತಿಲ ಮೇಲೆ ಕೂತಳು. ಬೋಲಿಮಹಲ್ ತಾನೇ ಕೈಯಾರೆ ಮುಚ್ಚಿದ್ದು. ಡಂಗುರವನ್ನು ಅಪ್ಪ-ಅವ್ವ ಸೇರಿ ನಾಳೆ ಮುಚ್ಚಿಸುತ್ತಾರೆ. ಲಿಲಾವ್‌ಲೋಕದಲ್ಲಿ ಬಕೆಟ್ ಒಂದೇ ಹೋಗುವುದು. ಮುಂಜಾನೆ ಒಂದು ಅಂಗಡಿಯಿತ್ತು, ಒಂದು ಕೌದಿಯಿತ್ತು. ಈಗ ಕೌದಿ ಮಾತ್ರ ಇದೆ.

ಆಗಲೇ ಶರಣಕುಮಾರ ತಕ್ಕಡಿ ಮರೆತದ್ದು ನೆನಪಾಗಿ ತಿರುಗಿ ಬಂದದ್ದು. ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ದೇವಕಮ್ಮ ಟೀಚರ್ ಬಾಯಿಂದ ಕೇಳಿದ. ಕೇಳಿ, ನಗು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೆಲ್ಲಗೆ ತಕ್ಕಡಿಯ ಕೊಕ್ಕೆ ಬಿಚ್ಚಿದ.

“ಹಂಗಾರ ತೂಗ್ಲೇನವ್ವ?”

“ತೂಗಬ್ಯಾಡ್ರಿ!”

ಮೂರು ದನಿ ಒಟ್ಟಿಗೆ ಬಂದವು: ತಾಯಿಯದು, ಮಗಳದು, ಟಾಕಿಯ ಮೇಲಿಂದ ಅಪ್ಪನದು. ಶರಣಕುಮಾರ ತಕ್ಕಡಿ ಹೆಗಲಿಗೇರಿಸಿ, ಈ ಸಲ ಏನನ್ನೂ ಮರೆಯದೆ ಹೋದ.

ಮಲ್ಲಾಬಾಯಿ ಕೌದಿಯನ್ನು ಅಂಗಳದಲ್ಲಿ ಝಾಡಿಸಿ ಹಾಸಿ, ಅದರ ನಡುವೆ ಎರಡೂ ಕಾಲು ಚಾಚಿ ಕೂತಳು. “ತೆಗಿ ಪಟ,” ಎಂದಳು. “ಹತ್ತೂ ಬಟ್ಟು ಬರ್ಲಿ. ಯಾವನು ಏನಂತಾನ ನೋಡೂಣು.”

ಚಂದ್ರಕಲಾ ಪಟ ತೆಗೆದಳು. ಹತ್ತೂ ಬೆರಳು ಬಂದವು. ದಂಡವಿಲ್ಲದ, ನಿಯಮವಿಲ್ಲದ, ಗಿರಾಕಿಯೂ ಇಲ್ಲದ ಸಂತೆಪೇಟೆಯಲ್ಲಿ, ಗೋಗಿಯ ಎಮ್ಮೆಯ ಪಕ್ಕದಲ್ಲಿ ಕೌದಿಯನ್ನು ಏರಿಸಿದಳು. ಬೆಲೆಯ ಜಾಗದಲ್ಲಿ ‘ಸಾವಿರದ ಐನೂರು’ ಎಂದು ಬರೆದಳು. ಷರತ್ತಿನ ಜಾಗ ಖಾಲಿ ಇತ್ತು. ಒಂದು ಗಳಿಗೆ ಯೋಚಿಸಿ, ‘ಇದು ಕಾಯಿ ಸವಾಲಲ್ಲ. ಓಣಿಯವರು ಒತ್ತಬಾರದು’ ಎಂದು ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು, ಯಾರೂ ಕೇಳಲಿಲ್ಲವೆಂದು ಹೇಳಬಾರದಲ್ಲ!

ಎಲ್ಲರೂ ತಲೆಯಾಡಿಸಿದರು. ಅಮೀನುದ್ದೀನ “ಛೇ ಛೇ, ನಾವ್ಯಾಕ ಒತ್ತೂಣು?” ಎಂದು ಪಂಪು ಎತ್ತಿಕೊಂಡು ಅಂಗಡಿಗೆ ಹೋದ. ಒಂದು ನಿಮಿಷ ಓಣಿ ಶಾಂತವಾಗಿತ್ತು.

ಆಮೇಲೆ ಮೂಲೆಯಿಂದ ಕೂಗು ಕೇಳಿಸಿತು:

“ಸಾವಿರದ ಆರುನೂರು!”

ಮಲ್ಲಾಬಾಯಿ ಕೌದಿಯ ಮೇಲೆ ಕೂತಲ್ಲೇ ಶರೀಫಾಬೀಯ ಫೋನಿಗಾಗಿ ಸೆರಗು ತಡಕಿದಳು. ಇನ್ನೂ ಕಟ್ಟಾಗದ ಕರೆಯ ಆ ತುದಿಯಲ್ಲಿ, ನಾರಾಯಣಪುರದ ಟಾಕಿಯ ಮೇಲೆ, ಯಂಕಣ್ಣ ಗಂಟಲು ಸರಿಮಾಡಿಕೊಂಡ.